ಕನ್ನಮ್ಮ ಕತ್ತರಿ ಹಿಡಿದದ್ದು

ಹೊಸನಗರದ ಪೇಟೆ ದಾಟಿ ಅರ್ಧ ಮೈಲಿ ಹೋದರೆ ರಸ್ತೆಯ ಎಡಕ್ಕೆ ಒಂದು ಸರ್ಕಾರಿ ಬಂಗಲೆ ಇತ್ತು. ಕೆಲಸದ ಮೇಲೆ ಬರುವ ಅಧಿಕಾರಿಗಳು ಒಂದು ರಾತ್ರಿ, ಎರಡು ರಾತ್ರಿ ಉಳಿದು ಹೋಗುವ ಜಾಗ. ಗೇಟಿನಿಂದ ಮೆಟ್ಟಿಲಿನವರೆಗೆ ಕೆಮ್ಮಣ್ಣಿನ ದಾರಿ. ದಾರಿಯ ಎರಡು ಬದಿಗೂ ಏಳೇಳರಂತೆ ಹದಿನಾಲ್ಕು ದುಂಡುಮಲ್ಲಿಗೆ ಗಿಡಗಳು. ಬಂಗಲೆ ಕಟ್ಟಿದ ವರ್ಷವೇ ಅವನ್ನು ನೆಟ್ಟವನು ಮಾಲಿ ಜಟ್ಟಿಂಗಪ್ಪ.

ಮಲ್ಲಿಗೆ ಗಿಡ ಸವರುವುದರಲ್ಲಿ ಜಟ್ಟಿಂಗಪ್ಪ ಬಲು ಕಟ್ಟುನಿಟ್ಟು. ಪುಷ್ಯ ಮಾಸ ಹತ್ತಿರವಾಯಿತೆಂದರೆ ಗಿಡಗಳಿಗೆ ನೀರು ನಿಲ್ಲಿಸುತ್ತಿದ್ದ. ಎಲೆ ಬಾಡಿ ಜೋತ ಮೇಲೆ ಒಂದೊಂದನ್ನೂ ಕೈಯಿಂದ ಉದುರಿಸಿ, ಟೊಂಗೆಗಳನ್ನು ಮೊಣಕಾಲಿನ ಎತ್ತರಕ್ಕೆ ಕತ್ತರಿಸಿ, ಕತ್ತರಿಸಿದ ತುದಿಗೆ ಸಗಣಿ ಮೆತ್ತುತ್ತಿದ್ದ. ಬುಡ ಬಿಡಿಸಿ ಗೊಬ್ಬರ ಕೊಟ್ಟು ನೀರು ಬಿಟ್ಟರೆ ಯುಗಾದಿಯ ಹೊತ್ತಿಗೆ ಬಂಗಲೆಯ ಅಂಗಳದ ಪರಿಮಳ ರಸ್ತೆಗೆ ಬರುತ್ತಿತ್ತು. ಆ ಕೆಲಸಕ್ಕೆ ಬೇರೆ ಯಾರ ಕೈಯನ್ನೂ ಅವನು ಸೇರಿಸುತ್ತಿರಲಿಲ್ಲ. ಹೆಂಡತಿ ಕನ್ನಮ್ಮನ ಕೈಯನ್ನಂತೂ ಮೊದಲೇ ಇಲ್ಲ.

ಕನ್ನಮ್ಮನ ಪಾಲಿಗೆ ಇದ್ದದ್ದು ನೀರು. ಬಂಗಲೆಯ ಹಿಂದಿನ ಬಾವಿಯಿಂದ ಸೇದಿ, ಎರಡು ಡಬ್ಬಗಳಲ್ಲಿ ಹೊತ್ತು ತಂದು ಸುರಿಯುವುದು. "ಹೆಂಗಸ್ರ ಕೈಯಲ್ಲಿ ಕತ್ತರಿ ಕೊಟ್ರೆ ಗಿಡ ಬಾಳಲ್ಲ" ಎಂದು ಗಂಡ ಹೇಳಿದರೆ ಅವಳು ಎದುರಾಡುತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಬಂಗಲೆಯ ಹಿತ್ತಲಲ್ಲಿ ಹೆಂಚಿನ ಒಂದು ಕೋಣೆ, ಮುಂದೆ ಒಂದು ಜಗಲಿ ಅವರಿಗೆ ಬಿಟ್ಟುಕೊಟ್ಟಿದ್ದರು. ಅದರ ಆಚೆಗೆ, ಅಡುಗೆಮನೆಗೆ ತಾಗಿದಂತೆ, ಬಂಗಲೆಯ ಮೇಟಿ ಮುಕುಂದಯ್ಯನ ಬಿಡಾರ. ಬಂದವರಿಗೆ ಅಡುಗೆ ಮಾಡಿ ಹಾಕುವುದು, ಕೋಣೆಯ ಬೀಗ ತೆಗೆಯುವುದು, ಹಾಜರಿ ಪುಸ್ತಕ ನೋಡಿಕೊಳ್ಳುವುದು ಎಲ್ಲ ಅವನದೇ.

ಎಪ್ಪತ್ತೈದನೇ ಇಸವಿಯ ಆಷಾಢದಲ್ಲಿ ಒಂದು ಬೆಳಿಗ್ಗೆ ಜಟ್ಟಿಂಗಪ್ಪ ಹಾಸಿಗೆಯಿಂದ ಏಳಲು ಹೋಗಿ ಬಲಕ್ಕೆ ಕುಸಿದು ಬಿದ್ದ. ಲಕ್ವ ಹೊಡೆದಿತ್ತು. ಮುಕುಂದಯ್ಯ ಯಾರದೋ ಜೀಪು ಹಿಡಿದು ಶಿವಮೊಗ್ಗಕ್ಕೆ ಸಾಗಿಸಿದ. ಇಪ್ಪತ್ತು ದಿನ ಅಲ್ಲಿದ್ದು ಬಂದ ಮೇಲೆ ಕಾಲಿಗೆ ಸ್ವಲ್ಪ ಶಕ್ತಿ ಬಂತು. ಕೋಲೂರಿ, ಬಲಗಾಲು ಎಳೆಯುತ್ತ ಹತ್ತು ಮಾರು ನಡೆಯುತ್ತಿದ್ದ. ಬಲಗೈ ಮಾತ್ರ ಕಟ್ಟಿಗೆಯ ಹಾಗೆ ತೂಗುತ್ತಿತ್ತು. ಮಾತೂ ಹೋಗಿತ್ತು. ಪೂರ್ತಿ ಹೋಗಿರಲಿಲ್ಲ, ಒಂದೇ ಒಂದು ಮಾತು ಉಳಿದಿತ್ತು. ಅದು "ಬ್ಯಾಡ."

ಗಂಜಿ ಬೇಕಾದರೂ ಬ್ಯಾಡ, ಸಾಕಾದರೂ ಬ್ಯಾಡ. ಎಲೆಯಡಿಕೆಯ ಕವಳ ಕೇಳುವುದಕ್ಕೂ ಅದೇ, ದನ ಒಳಗೆ ನುಗ್ಗಿದರೆ ಕೂಗುವುದಕ್ಕೂ ಅದೇ. ಮೊದಮೊದಲು ಕನ್ನಮ್ಮನಿಗೆ ತಲೆ ಕೆಟ್ಟು ಹೋಗುತ್ತಿತ್ತು. ತಟ್ಟೆ ಮುಂದಿಟ್ಟರೆ ಬ್ಯಾಡ ಎನ್ನುತ್ತಾನೆ, ತೆಗೆದುಕೊಂಡು ಹೋದರೆ ಕಣ್ಣಲ್ಲಿ ನೀರು ತರುತ್ತಾನೆ. ಆಮೇಲೆ ಅವಳು ಮಾತು ಬಿಟ್ಟು ದನಿಯನ್ನು ಕೇಳತೊಡಗಿದಳು. ಎಳೆದು ಹೇಳಿದರೆ ಹೌದು, ಮೊಟಕಾಗಿ ಹೇಳಿದರೆ ಅಲ್ಲ, ಎರಡು ಸಲ ಹೇಳಿದರೆ ಸಿಟ್ಟು. ಹೀಗೆ ಆರು ತಿಂಗಳಲ್ಲಿ ಇಬ್ಬರಿಗೂ ಒಂದು ಭಾಷೆಯಾಯಿತು.

ಕೆಲಸ ಹೋದರೆ ಬಿಡಾರವೂ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಮುಕುಂದಯ್ಯನೇ ದಾರಿ ಹೇಳಿದ.

"ನೋಡು ಮಾರಾಯ್ತಿ, ಅಂವನ ಹೆಸರಿಗೆ ನಾನು ಹಾಜರಿ ಹಾಕ್ತೀನಿ. ನೀನು ಕೆಲಸ ಮಾಡ್ಕಂಡು ಹೋಗು. ಗಿಡ ಒಣಗದಿದ್ರೆ ಯಾರೂ ಕೇಳಲ್ಲ."

"ಯಾರಾದ್ರೂ ಕೇಳಿದ್ರೆ?"

"ಕೇಳಿದಾಗ ನೋಡಣ."

ಹಾಗೆ ಎರಡೂವರೆ ವರ್ಷ ಕಳೆಯಿತು. ಕನ್ನಮ್ಮ ಅಂಗಳ ಗುಡಿಸಿದಳು, ಕಳೆ ಕಿತ್ತಳು, ನೀರು ಹೊತ್ತಳು. ಕತ್ತರಿಯನ್ನು ಮಾತ್ರ ಮುಟ್ಟಲಿಲ್ಲ. ಮಲ್ಲಿಗೆ ಗಿಡಗಳು ಎರಡು ಪುಷ್ಯ ಸವರುವವರಿಲ್ಲದೆ ಬೆಳೆದವು. ಬುಡದಲ್ಲಿ ಬೆರಳಿನಷ್ಟಿದ್ದ ಕಾಂಡ ಹೆಬ್ಬೆರಳಿಗಿಂತ ದಪ್ಪವಾಯಿತು. ಕೆಳಗೆಲ್ಲ ಬರಿ ಕಟ್ಟಿಗೆ, ಮೇಲೆ ಕೊಡೆಯ ಹಾಗೆ ಗೋಜಲು ಗೋಜಲು ಹಂಬು, ಅದರೊಳಗೆ ಒಣ ಕಡ್ಡಿ, ಜೇಡರ ಬಲೆ. ಎರಡನೆಯ ವರ್ಷ ಹದಿನಾಲ್ಕು ಗಿಡವೂ ಸೇರಿ ಒಂದು ಬೊಗಸೆ ಹೂವೂ ಕೊಡಲಿಲ್ಲ.

ಎಪ್ಪತ್ತೇಳರ ಕೊನೆಯಲ್ಲಿ ಹೊಸ ಜೂನಿಯರ್ ಇಂಜಿನಿಯರ್ ವರ್ಗವಾಗಿ ಬಂದರು. ಹೇರಂಬ ಭಟ್ಟರು ಎಂದು ಹೆಸರು. ಮೂವತ್ತು ದಾಟಿರದ, ಬಿಳಿ ಬುಷ್‌ಶರ್ಟಿನ, ಆತುರದ ಮನುಷ್ಯ. ಬಂಗಲೆ ಅವರ ಉಸ್ತುವಾರಿಗೆ ಸೇರಿತ್ತು. ಗೇಟಿನಲ್ಲಿ ಮೋಟಾರ್ ಸೈಕಲ್ ನಿಲ್ಲಿಸಿ, ನಡೆದು ಬರುತ್ತ ಗಿಡಗಳನ್ನು ನೋಡಿದರು.

"ಇದೆಂಥ ಪೊದೆ ಮಾರಾಯ್ರೆ? ಹಾವು ಸೇರ್ಕೊಳ್ಳೋಕೆ ಇಟ್ಟಿದೀರಾ? ಎಲ್ಲ ಬೇರು ಸಮೇತ ತೆಗ್ಸಿ. ಕ್ರೋಟನ್ ಹಾಕುವ."

ಮುಕುಂದಯ್ಯ "ಆಯ್ತು ಸರ್" ಎಂದ. ಬಾವಿಯಿಂದ ಡಬ್ಬ ಹೊತ್ತು ಬರುತ್ತಿದ್ದ ಕನ್ನಮ್ಮನಿಗೆ ಅದು ಕೇಳಿಸಿತು. ಅಧಿಕಾರಿಗಳ ಎದುರು ನಿಂತು ಅವಳು ಯಾವತ್ತೂ ಮಾತಾಡಿದವಳಲ್ಲ. ಡಬ್ಬ ಅಲ್ಲೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ಸ್ವಾಮಿ, ಸಂಕ್ರಾಂತಿ ಕಳೀಲಿ. ಒಂದ್ಸಲ ಸವರಿ ನೋಡ್ತೀವಿ. ಯುಗಾದಿಗೆ ಹೂವು ಬರ್ದಿದ್ರೆ ನಾನೇ ಕಿತ್ತು ಹಾಕ್ತೀನಿ."

ಭಟ್ಟರು ಅವಳನ್ನೊಮ್ಮೆ, ಗಿಡಗಳನ್ನೊಮ್ಮೆ ನೋಡಿದರು. ಕ್ರೋಟನ್ ತರಿಸಲು ಹೇಗೂ ಸಮಯ ಬೇಕಿತ್ತು. "ಯುಗಾದಿ ತನಕ ಮಾತ್ರ" ಎಂದು ಹೊರಟುಹೋದರು.

ಹೇಳಿದ್ದೇನೋ ಹೇಳಿಬಿಟ್ಟಳು, ಸವರುವುದು ಹೇಗೆ ಎಂಬುದು ಗೊತ್ತಿರಲಿಲ್ಲ. ಹದಿನೇಳು ವರ್ಷ ಪಕ್ಕದಲ್ಲೇ ನೀರು ಹೊಯ್ದಿದ್ದರೂ ಎಲ್ಲಿ ಕತ್ತರಿ ಹಾಕಬೇಕು, ಎಲ್ಲಿ ಬಿಡಬೇಕು ಎಂದು ಅವಳು ಗಮನಿಸಿರಲಿಲ್ಲ. ಗೊತ್ತಿದ್ದವನು ಜಗಲಿಯ ಮೇಲೆ ಕೂತಿದ್ದ.

ಸಂಕ್ರಾಂತಿಯ ಮೂರನೆಯ ದಿನ ಬೆಳಿಗ್ಗೆ ಅವಳು ಗಂಡನ ಕಂಕುಳಿಗೆ ಕೈ ಕೊಟ್ಟು ಅಂಗಳಕ್ಕೆ ನಡೆಸಿಕೊಂಡು ಬಂದಳು. ಕೂರಿಸಲು ಮುಕುಂದಯ್ಯ ಬಂಗಲೆಯ ಜಗಲಿಯಿಂದ ಬೆತ್ತದ ಕುರ್ಚಿ ಎತ್ತಿ ತಂದ. ದೊಡ್ಡ ದೊಡ್ಡ ಅಧಿಕಾರಿಗಳು ಕಾಲು ಚಾಚಿ ಕೂರುತ್ತಿದ್ದ ಕುರ್ಚಿ ಅದು. ಜಟ್ಟಿಂಗಪ್ಪ ಅದನ್ನು ಕಂಡು "ಬ್ಯಾಡ ಬ್ಯಾಡ" ಎಂದ. "ಕೂತ್ಕ ಮಾರಾಯ, ಇವತ್ತು ನೀನೇ ಸಾಹೇಬ" ಎಂದು ಮುಕುಂದಯ್ಯ ಭುಜ ಒತ್ತಿ ಕೂರಿಸಿದ.

ಕನ್ನಮ್ಮ ತುಕ್ಕು ತಿಕ್ಕಿ, ಎಣ್ಣೆ ಹಾಕಿ, ಮಸೆದು ತಂದಿದ್ದ ಕತ್ತರಿಯನ್ನು ಮೊದಲನೆಯ ಗಿಡದ ದಪ್ಪ ಕಾಂಡಕ್ಕೆ ಹಿಡಿದಳು. ಗಂಡನ ಮುಖ ನೋಡಿದಳು.

"ಬ್ಯಾಡ."

ಕತ್ತರಿಯನ್ನು ಒಂದು ಗೇಣು ಮೇಲಕ್ಕೆ ಸರಿಸಿದಳು.

"ಬ್ಯಾಡ."

ಇನ್ನಷ್ಟು ಮೇಲೆ. "ಬ್ಯಾಡ." ಸ್ವಲ್ಪ ಕೆಳಗೆ. ಅವನು ಸುಮ್ಮನಾದ. ಮತ್ತೊಮ್ಮೆ ಮುಖ ನೋಡಿದಳು. ಬಾಯಿ ಮುಚ್ಚಿಕೊಂಡು ಕತ್ತರಿಯ ಬಾಯನ್ನೇ ನೋಡುತ್ತಿದ್ದ. ಎರಡು ಕೈಯಿಂದಲೂ ಒತ್ತಿದಳು; ಕಾಂಡ ಟಕ್ಕೆಂದು ತುಂಡಾಯಿತು. ನೋಡಿದರೆ ಅವಳು ಕತ್ತರಿಸಿದ್ದು ಒಂದು ಸಣ್ಣ ಗಿಣ್ಣಿನ ಮೇಲೆ, ಗಿಣ್ಣು ಹೊರಮುಖವಾಗಿತ್ತು. ಅಲ್ಲಿಂದ ಚಿಗುರಿದರೆ ಟೊಂಗೆ ಹೊರಕ್ಕೆ ಹೋಗುತ್ತದೆ, ಗಿಡದ ಹೊಟ್ಟೆಯಲ್ಲಿ ಗಾಳಿ ಆಡುತ್ತದೆ. ಇದನ್ನು ಅವನು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಬಾಯಿ ಇದ್ದಾಗ ಹೇಳದ್ದನ್ನು ಬಾಯಿ ಹೋದ ಮೇಲೆ ಕಲಿಸುತ್ತಿದ್ದಾನಲ್ಲ ಎಂದು ಅವಳಿಗೆ ನಗೆಯೂ ಬಂತು, ಸಂಕಟವೂ ಆಯಿತು.

ಮೊದಲ ದಿನ ಮೂರು ಗಿಡ ಮುಗಿದವು. ಎರಡನೆಯದರಲ್ಲಿ ಅವಳು ಅವನು ಸುಮ್ಮನಾಗುವ ಮೊದಲೇ ಕತ್ತರಿ ಒತ್ತಿಬಿಟ್ಟಾಗ ಅವನು ಎಡಗೈಯಲ್ಲಿದ್ದ ಕೋಲನ್ನೇ ಎಸೆದ. ಅದು ಅವಳ ಮೊಣಕಾಲಿಗೆ ಬಡಿಯಿತು. ಅವಳು ಕೋಲು ತಂದು ಅವನ ಕೈಗೆ ಕೊಟ್ಟು, "ಇನ್ನೊಂದ್ಸಲ ಎಸೆದ್ರೆ ನೀವೇ ಎದ್ದು ಬಂದು ಕಡೀರಿ" ಎಂದಳು. ಮತ್ತೆ ಅವನು ಎಸೆಯಲಿಲ್ಲ.

ನಾಲ್ಕನೆಯ ದಿನ ಬಲಬದಿಯ ಕೊನೆಯ ಗಿಡದ ಹತ್ತಿರ ಜಗಳವಾಯಿತು. ಅವನು ಸುಮ್ಮನಾದ ಎತ್ತರದಲ್ಲಿ ಕಾಂಡದ ತೊಗಟೆ ಸಡಿಲವಾಗಿತ್ತು. ಕನ್ನಮ್ಮ ಉಗುರಿನಿಂದ ಕೆರೆದಳು. ಒಳಗೆ ಹಸಿರಿರಲಿಲ್ಲ, ಗೆದ್ದಲಿನ ಮಣ್ಣು ಉದುರಿತು. ಕೆರೆಯುತ್ತ ಕೆರೆಯುತ್ತ ಕೆಳಗೆ ಬಂದಳು. ನೆಲದಿಂದ ನಾಲ್ಕು ಬೆರಳಿನ ಎತ್ತರದಲ್ಲಿ, ಬುಡದ ಹತ್ತಿರ, ತೊಗಟೆಯ ಅಡಿಯಲ್ಲಿ ಎಳೆ ಹಸಿರು ಕಂಡಿತು. ಕತ್ತರಿಯನ್ನು ಅಲ್ಲಿಗಿಟ್ಟಳು.

"ಬ್ಯಾಡ ಬ್ಯಾಡ!"

"ಮೇಲೆ ಜೀವ ಇಲ್ಲ. ಗೆದ್ಲು ತಿಂದಿದೆ."

"ಬ್ಯಾಡ ಬ್ಯಾಡ ಬ್ಯಾಡ!"

ಅವನು ಕುರ್ಚಿಯಿಂದ ಏಳಲು ಹೋಗಿ ಏಳಲಾರದೆ ಒದ್ದಾಡಿದ. ಕೂತಲ್ಲಿಂದ ಅವನಿಗೆ ಗೆದ್ದಲು ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ತಾನು ನೆಟ್ಟ ಗಿಡದ ಬುಡಕ್ಕೇ ಹೆಂಡತಿ ಕತ್ತರಿ ಇಟ್ಟದ್ದು. ಕನ್ನಮ್ಮ ಒಂದು ಗಳಿಗೆ ತಡೆದಳು. ಆಮೇಲೆ ಬುಡಕ್ಕೇ ಕತ್ತರಿಸಿ, ಸಗಣಿ ಮೆತ್ತಿ ಎದ್ದಳು. ಆ ದಿನ ಅವನು ಗಂಜಿ ಮುಟ್ಟಲಿಲ್ಲ. ಬ್ಯಾಡ ಎಂದೂ ಅನ್ನಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದ.

ಹನ್ನೆರಡು ದಿನದ ಮೇಲೆ ಭಟ್ಟರು ಬಂದರು. ದಾರಿಯ ಎರಡು ಬದಿಗೂ ಸಗಣಿ ಮೆತ್ತಿದ ಮೋಟುಗಳು ನಿಂತಿದ್ದವು. ಒಂದೂ ಚಿಗುರಿರಲಿಲ್ಲ. ಮುಂದಿನ ವಾರ ಮೇಲಧಿಕಾರಿಯೊಬ್ಬರು ಬರುವವರಿದ್ದರು.

"ಇದೇನು ಸ್ಮಶಾನ ಮಾಡಿಟ್ಟಿದೀರಿ? ಯಾರು ಕಡ್ದದ್ದು?"

"ಮಾಲಿ ಸರ್, ಜಟ್ಟಿಂಗಪ್ಪ" ಎಂದ ಮುಕುಂದಯ್ಯ.

"ಕರೀರಿ ಅವನನ್ನ."

ಕರೆಯುವ ಅಗತ್ಯವಿರಲಿಲ್ಲ. ಜಟ್ಟಿಂಗಪ್ಪ ಬಂಗಲೆಯ ಮೆಟ್ಟಿಲಿನ ಮೇಲೆ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಭಟ್ಟರು ಅವನ ಎದುರಿಗೆ ಹೋಗಿ ನಿಂತು, "ನೀನೇನಯ್ಯ ಕಡ್ದದ್ದು?" ಎಂದು ಕೇಳಿದರು.

"ಬ್ಯಾಡ" ಎಂದ ಜಟ್ಟಿಂಗಪ್ಪ.

"ಏನು ಬೇಡ?"

"ಬ್ಯಾಡ."

ಭಟ್ಟರ ಕಣ್ಣು ಆ ಕೈಯ ಮೇಲೆ ನಿಂತಿತು. ಮುಕುಂದಯ್ಯ ನೆಲ ನೋಡಿದ. ಆಗ ಕನ್ನಮ್ಮ ಹೇಳಿದಳು:

"ನಾನೇ ಕಡ್ದಿದ್ದು ಸ್ವಾಮಿ. ಅವ್ರಿಗೆ ಲಕ್ವ ಹೊಡ್ದು ಎರಡೂವರೆ ವರ್ಷ ಆತು. ಅವತ್ತಿಂದ ಕೆಲಸ ಎಲ್ಲ ನಾನೇ ಮಾಡ್ತಿರದು. ಮುಕುಂದಯ್ಯಾರದ್ದು ತಪ್ಪಿಲ್ಲ, ನಮ್ಮ ಮೇಲಿನ ಕರುಣೆಗೆ ಮಾಡಿದಾರೆ."

ಭಟ್ಟರ ಮುಖ ಕೆಂಪಾಯಿತು. "ಇದು ಗೊತ್ತಾದ್ರೆ ಮೊದ್ಲು ಹೋಗೋದು ನನ್ನ ತಲೆ, ತಿಳೀತಾ? ಕೆಲಸ ಮಾಡದವನ ಹೆಸರು ಹಾಜರಿ ಪುಸ್ತಕದಲ್ಲಿ!" ಎಂದರು. ಮೋಟಾರ್ ಸೈಕಲ್ ಹತ್ತಿ ಹೋದರು.

ಮಾರನೆಯ ದಿನ ಸಾಗರದ ಕಡೆಯಿಂದ ಲಾರಿಯಲ್ಲಿ ಮೂವತ್ತು ಕ್ರೋಟನ್ ಕುಂಡಗಳು ಬಂದು ಇಳಿದವು. ಮೋಟುಗಳು ಕಾಣದಂತೆ ಅವುಗಳ ಮುಂದೆ ಸಾಲಾಗಿ ಇಟ್ಟರು. ಮೇಲಧಿಕಾರಿ ಮುಂದಿನ ವಾರ ಒಂದು ಸಂಜೆ ಬಂದರು, ಗಿಡ ಕುಂಡ ಯಾವುದನ್ನೂ ನೋಡದೆ ಒಳಗೆ ಹೋದರು, ಮುಕುಂದಯ್ಯನ ಕಡುಬು ಕೋಳಿಸಾರು ಉಂಡು ಮಲಗಿದರು, ಬೆಳಿಗ್ಗೆ ಎದ್ದು ಹೋದರು.

ಕನ್ನಮ್ಮ ಆ ದಿನಗಳಲ್ಲಿ ಗಂಟು ಕಟ್ಟಿಟ್ಟುಕೊಂಡೇ ಇದ್ದಳು. ಎರಡು ಪಾತ್ರೆ, ಎರಡು ಸೀರೆ, ಗಂಡನ ಕಂಬಳಿ. ಬಿಡಾರ ಬಿಡು ಎಂದರೆ ಅಣ್ಣನ ಮನೆಗೆ ಹೋಗುವುದು. ಅಲ್ಲಿ ಅತ್ತಿಗೆ ಎಷ್ಟು ದಿನ ಇಟ್ಟುಕೊಂಡಾಳು ಎಂಬ ಯೋಚನೆ. ಆದರೂ ಗಿಡಗಳ ಬುಡಕ್ಕೆ ಗೊಬ್ಬರ ಕೊಟ್ಟಳು, ಬೆಳಿಗ್ಗೆ ಸಂಜೆ ನೀರು ಹೊಯ್ದಳು. ಮಾಘದ ಹುಣ್ಣಿಮೆ ಕಳೆದು ವಾರವಾಗಿತ್ತು, ಎಡಬದಿಯ ಎರಡನೆಯ ಗಿಡದ ಗಿಣ್ಣಿನಲ್ಲಿ ಅಕ್ಕಿಕಾಳಿನಷ್ಟು ಕೆಂಪು ಹಸಿರು ಮೊಳಕೆ ಕಂಡಿತು. ನಾಲ್ಕು ದಿನದಲ್ಲಿ ಏಳು ಗಿಡ, ಹತ್ತು ದಿನದಲ್ಲಿ ಹತ್ತು ಗಿಡ. ಬುಡಕ್ಕೆ ಕತ್ತರಿಸಿದ ಬಲಬದಿಯ ಕೊನೆಯದು ಎಲ್ಲಕ್ಕಿಂತ ತಡವಾಗಿ, ನೆಲದಿಂದಲೇ ಐದಾರು ಚಿಗುರು ಎಬ್ಬಿಸಿತು.

ಮೂರು ಗಿಡ ಚಿಗುರಲೇ ಇಲ್ಲ. ಅವು ಜಟ್ಟಿಂಗಪ್ಪ ತೋರಿಸಿದ ಎತ್ತರದಲ್ಲೇ ಕತ್ತರಿಸಿದವು. ಕನ್ನಮ್ಮ ಉಗುರಿನಿಂದ ಕೆರೆದು ನೋಡಿದಳು. ಬುಡದ ತನಕ ಕಂದು. ಸವರುವಾಗಲೇ ಕೆರೆದು ನೋಡಿದ್ದರೆ ಇನ್ನೂ ಕೆಳಗೆ ಎಲ್ಲಾದರೂ ಹಸಿರು ಸಿಗುತ್ತಿತ್ತೋ ಏನೋ. ತಪ್ಪು ಅವನದಲ್ಲ ಎಂದುಕೊಂಡಳು. ಅವನು ದೂರ ಕೂತಿದ್ದ, ಕೈ ಗಿಡದ ಮೇಲಿದ್ದದ್ದು ತನ್ನದು. ಆವತ್ತಿನಿಂದ ಕೊನೆಯವರೆಗೂ ಅವಳು ಕೆರೆದು ನೋಡದೆ ಒಂದು ಕಾಂಡಕ್ಕೂ ಕತ್ತರಿ ಹಾಕಲಿಲ್ಲ.

ಜಟ್ಟಿಂಗಪ್ಪ ಒಂದು ಸಂಜೆ ತಾನೇ ಕೋಲೂರಿಕೊಂಡು ಸಾಲಿನುದ್ದಕ್ಕೂ ನಡೆದ. ಸತ್ತ ಮೂರರ ಮುಂದೆ ನಿಂತ, ಬಲಬದಿಯ ಕೊನೆಯದರ ಮುಂದೆ ಹೆಚ್ಚು ಹೊತ್ತು ನಿಂತ.  ಮರುವರ್ಷ ಸವರುವ ಹೊತ್ತಿಗೆ ಕನ್ನಮ್ಮ ಅವನನ್ನು ಕುರ್ಚಿಯಲ್ಲಿ ಕೂರಿಸಿದರೆ, ಅವನು ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸುವಂತೆ ಕೈ ಮಾಡಿ, ಬಸ್ಸು ನೋಡುತ್ತ ಕೂತ.

ಸವರಿದ ಆ ಮೊದಲ ವರ್ಷವೇ, ಯುಗಾದಿಗೆ ಎಂಟು ದಿನ ಮೊದಲು ಭಟ್ಟರು ಬಂದಾಗ ಹನ್ನೊಂದು ಗಿಡಗಳೂ ಮೊಗ್ಗು ಹಿಡಿದಿದ್ದವು. ಅವರು ಹೊಗಳಲೂ ಇಲ್ಲ, ನಗಲೂ ಇಲ್ಲ. ಕುಂಡಗಳನ್ನು ಹಿಂದಕ್ಕೆ ಸರಿಸಲು ಹೇಳಿ, ಕನ್ನಮ್ಮನನ್ನು ಕರೆದರು.

"ಸುಳ್ಳು ಹೆಸರಿನ ಕೆಲಸ ಇವತ್ತಿಗೆ ಮುಗೀತು. ನಿನ್ನ ಹೆಸರಲ್ಲಿ ಅರ್ಜಿ ಕೊಡು. ಗಂಡನ ಡಾಕ್ಟರ್ ಸರ್ಟಿಫಿಕೇಟು ಲಗತ್ತಿಸು. ಆಗ್ತದೋ ಇಲ್ವೋ ಗೊತ್ತಿಲ್ಲ, ನಾನು ಬರೀತೇನೆ."

"ಬಿಡಾರ ಸ್ವಾಮಿ?"

"ಅರ್ಜಿ ತೀರ್ಮಾನ ಆಗೋ ತನಕ ಇರಿ."

ತೀರ್ಮಾನವಾಗಲು ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಕನ್ನಮ್ಮ ಐದು ಸಲ ಬಸ್ಸು ಹತ್ತಿ ಕಚೇರಿಗೆ ಹೋಗಿ ಬಂದಳು. ಕೊನೆಯ ಸಲ ಅಲ್ಲಿದ್ದ ಗುಮಾಸ್ತರು ಪೆನ್ನು ಹಿಡಿದು ತಡೆದರು.

"ಮಾಲಿ ಅಂದ್ರೆ ಗಂಡಸಿನ ಕೆಲಸ ಅಲ್ವೇನಮ್ಮ? ನಿನಗೆ ಏನಂತ ಬರೀಲಿ?"

"ಮಾಲಿ ಅಂತ್ಲೇ ಬರೀರಿ ಸ್ವಾಮಿ. ಗಿಡಕ್ಕೇನು ಗೊತ್ತಾಗತ್ತೆ?"

ಗುಮಾಸ್ತರು ನಕ್ಕು ಬರೆದರು.

ಬಂಗಲೆಯಲ್ಲಿ ಉಳಿದು ಹೋದವರ ಬಾಯಿಂದ ಅವಳ ಹೆಸರು ಹಬ್ಬಿತು. ಮುದಿ ಮಲ್ಲಿಗೆ ಗಿಡ ಎಲ್ಲಿದ್ದರೂ ಪುಷ್ಯ ಬಂತೆಂದರೆ ಅವಳಿಗೆ ಕರೆ. ಭಾನುವಾರ ಕತ್ತರಿಯನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತುತ್ತಿದ್ದಳು. ತೀರ್ಥಹಳ್ಳಿಯ ಒಂದು ಗೌಡರ ಮನೆಯ ವರದಮ್ಮ, ಅತ್ತೆ ನೆಟ್ಟ ಗಿಡ ಎಂದು ಇಪ್ಪತ್ತು ವರ್ಷದಿಂದ ಯಾರಿಗೂ ಮುಟ್ಟಗೊಡದೆ ಇಟ್ಟುಕೊಂಡಿದ್ದರು. ಕನ್ನಮ್ಮ ಕೆರೆದು ನೋಡುತ್ತಿದ್ದಾಗ ಅವರು ಪಕ್ಕದಲ್ಲೇ ನಿಂತು ಸೆರಗು ಹಿಂಡುತ್ತಿದ್ದರು.

"ಸತ್ತುಗಿತ್ತು ಹೋದ್ರೆ ಏನೇ ಗತಿ, ಕನ್ನಮ್ಮ?"

"ಸಾಯಬೌದು ಅಮ್ಮಾ. ಮೂರು ಕೊಂದಿದೀನಿ ನಾನು. ಕಡೀದಿದ್ರೂ ಇನ್ನೆರಡು ವರ್ಷಕ್ಕೆ ಇದು ಸಾಯತ್ತೆ. ನೀವು ಹ್ಞೂಂ ಅಂದ್ರೆ ಕಡೀತೀನಿ, ಇಲ್ಲಾಂದ್ರೆ ಕಾಪಿ ಕುಡ್ದು ಹೋಗ್ತೀನಿ."

ವರದಮ್ಮ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರು. ಕನ್ನಮ್ಮ ಕುಡಿದಳು. ಲೋಟ ಕೆಳಗಿಡುವಾಗ ವರದಮ್ಮ "ಹ್ಞೂಂ" ಎಂದರು. ಆ ಗಿಡ ಬದುಕಿತು.

ಜಟ್ಟಿಂಗಪ್ಪ ಎಂಬತ್ತಮೂರರ ಮಳೆಗಾಲದಲ್ಲಿ ತೀರಿಕೊಂಡ. ಎರಡನೆಯ ಸಲ ಲಕ್ವ ಹೊಡೆದು ಒಂದು ದಿನವೂ ನರಳಲಿಲ್ಲ. ಹದಿಮೂರು ದಿನ ಕಳೆದು ಕನ್ನಮ್ಮ ಕೆಲಸಕ್ಕೆ ಬಂದಾಗ, ಬೇಲಿಯ ಗಿಡ ದಾರಿಗೆ ಚಾಚಿತ್ತು. ಅದನ್ನೇ ಮೊದಲು ಸವರಿದಳು. ಆಮೇಲಾಮೇಲೆ ಮುಕುಂದಯ್ಯನಿಗೆ ಅವಳು ಹೇಳಿದ್ದಿಷ್ಟು: "ಮನೇಲಿ ಸದ್ದೇ ಇಲ್ಲ ಅಯ್ಯಾ. ಬೈಯೋರಾದ್ರೂ ಬೇಕು."

ಎಂಬತ್ತಾರರಲ್ಲಿ ಬಂಗಲೆಗೆ ಎರಡು ಹೊಸ ಕೋಣೆ ಸೇರಿಸುವ ಕೆಲಸ ಶುರುವಾಯಿತು. ಎಡಬದಿಯ ಗಿಡಗಳು ಪಾಯದೊಳಗೆ ಬಂದವು. ಹೇರಂಬ ಭಟ್ಟರು ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿದ್ದರು. ಕಂಟ್ರಾಕ್ಟರು ಮೂರು ತಿಂಗಳು ಮೊದಲೇ ಬಂದು ಹೇಳಿದ್ದ. ಕನ್ನಮ್ಮ ಜಗಳಕ್ಕೆ ಹೋಗಲಿಲ್ಲ. ಕೆಳಗಿನ ಟೊಂಗೆಗಳನ್ನು ಬಗ್ಗಿಸಿ ಮಣ್ಣಿನಲ್ಲಿ ಹೂತು, ಮೇಲೆ ಕಲ್ಲು ಹೇರಿದಳು. ಪಾಯ ತೆಗೆಯುವವರು ಬರುವ ಹೊತ್ತಿಗೆ ಏಳು ಟೊಂಗೆ ಬೇರು ಬಿಟ್ಟಿದ್ದವು. ಅವನ್ನು ಮಣ್ಣು ಸಮೇತ ಒದ್ದೆ ಗೋಣಿಯಲ್ಲಿ ಕಟ್ಟಿ, ಕೋಣಂದೂರಿನ ಬಸ್ಸು ಹತ್ತಿದಳು. ಅಲ್ಲಿ ಅವಳ ಅಣ್ಣನ ಮಗಳು ಕೆರಿಯಮ್ಮ ಹೊಸದಾಗಿ ಮನೆ ಕಟ್ಟಿಸಿದ್ದಳು. ಅಂಗಳ ಖಾಲಿ ಇತ್ತು.

ಗೋಣಿಯಿಂದ ಕೆಸರುನೀರು ಸೋರುವುದನ್ನು ಕಂಡು ಕಂಡಕ್ಟರು ಟಾಪಿಗೆ ಹಾಕು ಎಂದ. ಬಿಸಿಲಿಗೆ ಒಣಗುತ್ತವೆ, ಹಾಕುವುದಿಲ್ಲ ಎಂದಳು. ಮಾತಿಗೆ ಮಾತು ಬೆಳೆದು, ಕೊನೆಗೆ ಅವಳು ಗೋಣಿಯನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತಳು. ಕೋಣಂದೂರಿನಲ್ಲಿ ಇಳಿಯುವಾಗ ಸೀರೆಯೆಲ್ಲ ಮಣ್ಣು. ಕೆರಿಯಮ್ಮ "ಮೊದ್ಲು ಊಟ ಮಾಡೇ ಅತ್ತೆ" ಎಂದು ಕರೆದರೂ ಕೇಳದೆ ಗುದ್ದಲಿ ತರಿಸಿ, ಬಿಸಿಲು ಇಳಿಯುವ ಮೊದಲು ಏಳು ಗುಂಡಿ ತೋಡಿ ಗಿಡ ಕೂರಿಸಿದಳು. ಎರಡು ಹಿಡಿಯಲಿಲ್ಲ. ಐದು ಬೆಳೆದವು.